ಶಿಲೆ, ಮಣ್ಣು ಮತ್ತು ನವದ್ರವ್ಯಗಳು: ಮಂಗಳೂರಿನ ವಿದ್ಯಾರ್ಥಿ ಸಂಶೋಧನೆ

ಕಲ್ಲು, ಮಣ್ಣು ಮತ್ತು ಮನುಷ್ಯನು ಕೂಡಿಸಿ ಮಾಡಿದ ಹೊಸ ದ್ರವ್ಯಗಳು ಭಾರದ ಅಡಿಯಲ್ಲಿಯೂ ನೀರಿನ ಸಂಸರ್ಗದಲ್ಲಿಯೂ ಉಷ್ಣದ ಏರಿಳಿತದಲ್ಲಿಯೂ ಹೇಗೆ ನಡೆದುಕೊಳ್ಳುವುವೆಂಬುದನ್ನು ಪ್ರಯೋಗದಿಂದ ಅಳೆದು, ಆ ಅಳತೆಯನ್ನು ಮನೆ, ಮಾರ್ಗ, ಸೇತುವೆ, ಬಂದರುಗಳ ನಿರ್ಮಾಣಕ್ಕೆ ಒದಗಿಸಿಕೊಡುವ ವಿದ್ಯೆಯು ಕರ್ನಾಟಕದ ಕರಾವಳಿಯಲ್ಲಿ ಮಂಗಳೂರನ್ನೂ ಅದರ ಉತ್ತರಕ್ಕಿರುವ ಸುರತ್ಕಲ್ಲನ್ನೂ ಕೇಂದ್ರವಾಗಿ ಮಾಡಿಕೊಂಡು ಬೆಳೆದುಬಂದಿದೆ. ಈ ಕಾರ್ಯದ ಬಹುಭಾಗವನ್ನು ನಡೆಸಿದವರು ವಿದ್ಯಾರ್ಥಿಗಳು. ಪದವಿಯ ಕೊನೆಯ ವರ್ಷದಲ್ಲಿ ನಾಲ್ಕಾರು ಮಂದಿ ಕೂಡಿ ಕೈಗೊಳ್ಳುವ ಪ್ರಾಯೋಗಿಕ ಯೋಜನೆಯಿಂದ ತೊಡಗಿ, ಸ್ನಾತಕೋತ್ತರ ಪ್ರಬಂಧ ಮತ್ತು ಡಾಕ್ಟರೇಟ್ ಮಹಾಪ್ರಬಂಧಗಳವರೆಗೆ ಅವರ ಶ್ರಮವು ಹಬ್ಬಿದ್ದು, ಅದರ ವಿಶಿಷ್ಟತೆಯು ಉಪಕರಣಗಳ ವೈಭವಕ್ಕಿಂತ ಹೆಚ್ಚಾಗಿ, ಅವರು ಕಾಲಿಟ್ಟು ನಿಂತ ನೆಲವೇ ಅವರಿಗೆ ಒಡ್ಡಿದ ಪ್ರಶ್ನೆಗಳಲ್ಲಿ ಅಡಗಿದೆ.

ಆ ನೆಲದ ರಚನೆಯನ್ನು ಮೊದಲು ತಿಳಿಯತಕ್ಕದ್ದು. ದಕ್ಷಿಣ ಕನ್ನಡದ ತಳಶಿಲೆಯು ಬಹುಪಾಲು ಅತಿ ಪ್ರಾಚೀನವಾದ ನೈಸ್ ಶಿಲೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ, ಅದರ ಹಿಂದೆಯೇ ಬರುವ ತೀಕ್ಷ್ಣ ಬೇಸಿಗೆ, ಇವೆರಡರ ಆವರ್ತನವು ಲಕ್ಷಾಂತರ ವರ್ಷಗಳ ಕಾಲ ನಡೆದುಬಂದುದರಿಂದ ಆ ಶಿಲೆಯೊಳಗಿನ ಸಿಲಿಕಾಂಶವೂ ಕ್ಷಾರಾಂಶಗಳೂ ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಮ್ಮಿನ ಆಕ್ಸೈಡುಗಳು ಮೇಲ್ಭಾಗದಲ್ಲಿ ಸಾಂದ್ರಗೊಂಡು, ಜನರು ಕೆಂಪುಕಲ್ಲು, ಮುರಕಲ್ಲು ಎಂದು ಕರೆಯುವ ಪದರವು ಉಂಟಾಯಿತು. ಈ ಗಟ್ಟಿಯಾದ ಹೊದಿಕೆಗೂ ಕೆಳಗಿನ ಶಿಲೆಗೂ ನಡುವೆ ಬಿಳುಪು, ನಸುಗೆಂಪು, ಹಳದಿ ಛಾಯೆಗಳ ನುಣುಪಾದ ಮಣ್ಣಿನ ದಪ್ಪ ಪದರವೊಂದಿದೆ. ಊರಿನವರು ಅದನ್ನು ಶೇಡಿ ಮಣ್ಣು ಎನ್ನುವರು. ಒಣಗಿದಾಗ ನೆಟ್ಟಗೆ ಕಡಿದ ಗೋಡೆಯಂತೆ ನಿಲ್ಲುವ ಈ ಮಣ್ಣು ಪೂರ್ತಿ ನೆನೆದೊಡನೆ ತನ್ನ ಬಲದ ಹೆಚ್ಚಿನ ಪಾಲನ್ನು ಕಳೆದುಕೊಂಡು ಹರಿಯುವ ನೀರಿನೊಡನೆ ಹೊರಟುಬಿಡುವುದು. ಕರಾವಳಿಯ ಮಾರ್ಗಗಳ ಬದಿಯಲ್ಲಿ ಮಳೆಗಾಲದಲ್ಲಿ ಬರೆ ಜರಿಯುವುದಕ್ಕೂ, ರಸ್ತೆಯ ಮೇಲ್ಮೈ ಹಾಸು ಕುಳಿಬಿದ್ದು ಒಡೆಯುವುದಕ್ಕೂ, ಹೊಸ ಬಡಾವಣೆಗಳ ತಡೆಗೋಡೆಗಳು ವಾಲುವುದಕ್ಕೂ ಅನೇಕ ವೇಳೆ ಮೂಲಕಾರಣವು ಇದೇ.

ವಿದ್ಯಾಲಯಗಳು ಹುಟ್ಟುವುದಕ್ಕೆ ಬಹು ಹಿಂದೆಯೇ ಈ ನೆಲವನ್ನು ಪರೀಕ್ಷಿಸಿದವರುಂಟು. ಟಿಪ್ಪುಸುಲ್ತಾನನ ಪತನಾನಂತರ 1800 ಮತ್ತು 1801ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಈ ಕಲ್ಲಿನ ವಿಶೇಷವನ್ನು, ಅಂದರೆ ನೆಲದೊಳಗಿರುವಾಗ ಕಬ್ಬಿಣದ ಸಲಕರಣೆಯಿಂದ ಸುಲಭವಾಗಿ ಕಡಿಯಲು ಬಂದು, ಗಾಳಿಬಿಸಿಲಿಗೆ ಒಡ್ಡಿದ ಮೇಲೆ ಗಟ್ಟಿಯಾಗುವ ಗುಣವನ್ನು, ವರ್ಣಿಸಿ 1807ರಲ್ಲಿ ಪ್ರಕಟಿಸಿದನು. ಲ್ಯಾಟರೈಟ್ ಎಂಬ ಶಾಸ್ತ್ರೀಯ ನಾಮವು ಜಗತ್ತಿಗೆ ದೊರೆತುದು ಆ ಪ್ರವಾಸಕಥನದಿಂದ. ನೇತ್ರಾವತಿ, ಗುರುಪುರ ನದಿಗಳ ದಡದ ಜೇಡಿಮಣ್ಣಿನ ಯೋಗ್ಯತೆಯನ್ನು ಅರಿತ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದನು. ಮಣ್ಣನ್ನು ಹದಮಾಡಿ, ಅಚ್ಚೊತ್ತಿ, ಒಣಗಿಸಿ, ಸುಟ್ಟು, ನೀರು ಹೀರುವ ಪ್ರಮಾಣವನ್ನೂ ಮುರಿಯುವ ಭಾರವನ್ನೂ ನೋಡುವ ಆ ಕ್ರಮವು ದ್ರವ್ಯಪರೀಕ್ಷೆಯಲ್ಲದೆ ಮತ್ತೇನು? ಇವರೆಲ್ಲರಿಗಿಂತಲೂ ನನಗೆ ಹೆಚ್ಚು ಗೌರವಾರ್ಹರಾಗಿ ತೋರುವವರು ಕಾಸರಗೋಡಿನ ಗಡಿಭಾಗದಲ್ಲಿಯೂ ಬಂಟ್ವಾಳ, ಪುತ್ತೂರು ಸೀಮೆಗಳಲ್ಲಿಯೂ ಗುಡ್ಡದ ಒಡಲಿಗೆ ಅಡ್ಡಲಾಗಿ ನೀರಿನ ಸುರಂಗಗಳನ್ನು ತೋಡಿದ ಕೃಷಿಕರು ಮತ್ತು ಕೂಲಿಕಾರರು. ಮುರಕಲ್ಲು ಎಲ್ಲಿ ಛಾವಣಿಯಾಗಿ ನಿಲ್ಲುವುದು, ಮೆತ್ತಗಿನ ಪದರ ಎಲ್ಲಿ ಎದುರಾಗುವುದು, ಯಾವ ತಾವಿನಲ್ಲಿ ತೋಡುವುದನ್ನು ನಿಲ್ಲಿಸಬೇಕು ಎಂಬುದನ್ನು ಅವರು ಪಿಕ್ಕಾಸಿನ ಸದ್ದಿನಿಂದಲೂ ಅಂಗೈಯ ತೇವದಿಂದಲೂ ತಿಳಿಯುತ್ತಿದ್ದರು. ಬಂಟ್ವಾಳ ತಾಲೂಕಿನ ಅಡ್ಯನಡ್ಕದ ಸಮೀಪದ ಅಮೈ ಮಹಾಲಿಂಗ ನಾಯ್ಕರು ಬೋಳು ಗುಡ್ಡದಲ್ಲಿ ಒಬ್ಬರೇ ಸುರಂಗ ತೋಡಿ ನೀರು ಪಡೆದು ತೋಟವನ್ನೆಬ್ಬಿಸಿದುದಕ್ಕೆ 2022ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಸಂದಿತು.

ವ್ಯವಸ್ಥಿತ ತಾಂತ್ರಿಕ ಶಿಕ್ಷಣವು ಮಂಗಳೂರಿಗೆ ಬಂದುದು 1946ರಲ್ಲಿ, ಇಂದಿಗೂ ಕದ್ರಿಗುಡ್ಡೆಯ ಮೇಲಿರುವ ಸರ್ಕಾರಿ ಪಾಲಿಟೆಕ್ನಿಕ್ಕಿನ ಸ್ಥಾಪನೆಯೊಡನೆ. ತರುವಾಯ 1960ರಲ್ಲಿ, ಲೋಕಸಭಾ ಸದಸ್ಯರಾಗಿದ್ದ ಉಳ್ಳಾಲ ಶ್ರೀನಿವಾಸ ಮಲ್ಯರ ಅವಿರತ ಪ್ರಯತ್ನದ ಫಲವಾಗಿ ಸುರತ್ಕಲ್ಲಿನ ಕಡಲತೀರದಲ್ಲಿ ಕರ್ನಾಟಕ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜು ಆರಂಭವಾಗಿ, 2002ರಲ್ಲಿ ಕರ್ನಾಟಕ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯೆಂಬ ಹೆಸರನ್ನು ತಳೆಯಿತು. ಸಿವಿಲ್, ಗಣಿ, ಲೋಹ ಮತ್ತು ದ್ರವ್ಯ, ಯಂತ್ರ, ಜಲ ಮತ್ತು ಸಾಗರ ಈ ವಿಭಾಗಗಳು ಒಂದೇ ಆವರಣದಲ್ಲಿ ಕೂಡಿಬಂದುದರಿಂದ ಕಲ್ಲು ಮಣ್ಣುಗಳ ಪ್ರಶ್ನೆಯನ್ನು ಹಲವು ದಿಕ್ಕುಗಳಿಂದ ನೋಡುವ ಅನುಕೂಲವು ಇಲ್ಲಿನ ವಿದ್ಯಾರ್ಥಿಗಳಿಗೆ ಒದಗಿದೆ. 1980ರಲ್ಲಿ ಕೊಣಾಜೆಯಲ್ಲಿ ಸ್ಥಾಪಿತವಾದ ಮಂಗಳೂರು ವಿಶ್ವವಿದ್ಯಾನಿಲಯದ ಸಾಗರ ಭೂವಿಜ್ಞಾನ ಮತ್ತು ದ್ರವ್ಯವಿಜ್ಞಾನ ವಿಭಾಗಗಳು ಶುದ್ಧವಿಜ್ಞಾನದ ಪಕ್ಕದಿಂದ ಈ ವಿಷಯಕ್ಕೆ ನೆರವಾದುವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಸಾಗರ ಮತ್ತು ಕರಾವಳಿ ಸರ್ವೇಕ್ಷಣ ವಿಭಾಗದ ಕೇಂದ್ರ ಕಚೇರಿಯೂ ಮಂಗಳೂರಿನಲ್ಲಿಯೇ ಇದೆ. 1998ರಲ್ಲಿ ಹುಟ್ಟಿದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರಿದ ವಾಮಂಜೂರು, ಅಡ್ಯಾರು, ಮೂಡುಬಿದಿರೆ ಮುಂತಾದ ಕಡೆಗಳ ಕಾಲೇಜುಗಳಲ್ಲಿ ನಡೆಯುವ ಸಣ್ಣ ಯೋಜನೆಗಳಿಗೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು ವಿದ್ಯಾರ್ಥಿ ಯೋಜನಾ ಕಾರ್ಯಕ್ರಮದ ಮೂಲಕ ಸಹಾಯಧನವನ್ನು ನೀಡುತ್ತ ಬಂದಿದೆ.

ಇವೆಲ್ಲ ಸಂಶೋಧನೆಗಳ ಪೈಕಿ ಶೇಡಿ ಮಣ್ಣನ್ನು ಕುರಿತಾದುವಕ್ಕೆ ಮೊದಲ ಸ್ಥಾನವು ಸಲ್ಲತಕ್ಕದ್ದು. ವಿದ್ಯಾರ್ಥಿಯು ಮಣ್ಣನ್ನು ತಂದು ಮೊದಲು ಅದರ ಕಣಗಳ ಗಾತ್ರವನ್ನು ವಿಂಗಡಿಸುತ್ತಾನೆ. ಶೇಡಿಯಲ್ಲಿ ರೇವೆಯ ಗಾತ್ರದ ಕಣಗಳೂ ನಸುಮರಳೂ ಮಿಗಿಲಾಗಿದ್ದು, ಜೇಡಿಯ ಅಂಶವು ಮುಖ್ಯವಾಗಿ ಕಯೊಲಿನೈಟ್ ಖನಿಜದಿಂದ ಬಂದುದೆಂದು ತಿಳಿದುಬರುವುದು. ಬಳಿಕ ಹಿತ್ತಾಳೆಯ ಬಟ್ಟಲನ್ನು 10 ಮಿಲಿಮೀಟರ್ ಎತ್ತರದಿಂದ 25 ಸಲ ಬೀಳಿಸಿ ಮಣ್ಣು ದ್ರವದಂತೆ ಹರಿಯತೊಡಗುವ ತೇವದ ಪ್ರಮಾಣವಾದ ದ್ರವಮಿತಿಯನ್ನೂ, 2.6 ಕಿಲೋಗ್ರಾಂ ತೂಕದ ದಿಮ್ಮಸನ್ನು 310 ಮಿಲಿಮೀಟರ್ ಎತ್ತರದಿಂದ ಪ್ರತಿ ಪದರಕ್ಕೆ 25 ಪೆಟ್ಟಿನಂತೆ ಬೀಳಿಸಿ ಗರಿಷ್ಠ ಸಾಂದ್ರತೆಯನ್ನೂ ಕಂಡುಹಿಡಿಯುವನು. ಮಾರ್ಗದ ತಳಹದಿಗೆ ಈ ಮಣ್ಣು ತಕ್ಕುದೇ ಎಂಬುದನ್ನು ನಿರ್ಣಯಿಸಲು, ಅಚ್ಚಿನಲ್ಲಿ ದಮ್ಮಸು ಮಾಡಿದ ಮಣ್ಣನ್ನು ನಾಲ್ಕು ದಿನ ನೀರಿನಲ್ಲಿ ನೆನೆಯಿಟ್ಟು, 50 ಮಿಲಿಮೀಟರ್ ವ್ಯಾಸದ ಉಕ್ಕಿನ ದಂಡವನ್ನು ಮಿನಿಟಿಗೆ 1.25 ಮಿಲಿಮೀಟರಿನ ವೇಗದಲ್ಲಿ ಅದರೊಳಗೆ ಒತ್ತಿ, ಅದು ಒಡ್ಡಿದ ಪ್ರತಿರೋಧವನ್ನು ನಿರ್ದಿಷ್ಟ ಜಲ್ಲಿಯ ಪ್ರತಿರೋಧದೊಡನೆ ಹೋಲಿಸಲಾಗುವುದು. ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಈ ಪರೀಕ್ಷೆಯು ಭಾರತೀಯ ಮಾನಕಗಳಲ್ಲಿಯೂ ಸ್ಥಾನ ಪಡೆದಿದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ನೆಲವು ಒಣಗದೆಯೇ ಇರುವ ಒಂದು ಸೀಮೆಗೆ ನಾಲ್ಕು ದಿನಗಳ ನೆನೆತವು ಸಾಲುವುದೇ ಎಂಬ ಪ್ರಶ್ನೆಯನ್ನು ಇಲ್ಲಿನ ವಿದ್ಯಾರ್ಥಿಯು ಕೇಳಲೇಬೇಕಾಗುತ್ತದೆ. ನೆನೆತದ ಅವಧಿಯನ್ನು ಹೆಚ್ಚಿಸಿ, ನೆನೆತ ಒಣಗುಗಳನ್ನು ಸರದಿಯಾಗಿ ಒಡ್ಡಿ ನೋಡುವ ಪ್ರಯೋಗಗಳಿಗೆ ಈ ಕಾರಣದಿಂದಲೇ ಇಲ್ಲಿ ವಿಶೇಷ ಬೆಲೆಯಿದೆ.

ಇನ್ನೊಂದು ಸೂಕ್ಷ್ಮವನ್ನು ಇಲ್ಲಿ ಹೇಳಬೇಕು. ಮಣ್ಣಿನ ಯಂತ್ರಶಾಸ್ತ್ರವು 1925ರಲ್ಲಿ ಕಾರ್ಲ್ ಟೆರ್ಜಾಗಿಯ ಜರ್ಮನ್ ಗ್ರಂಥದಿಂದ ಶಾಸ್ತ್ರರೂಪವನ್ನು ತಾಳಿದಾಗ ಅದರ ಮುಂದಿದ್ದುದು ಹೆಚ್ಚಾಗಿ ನದಿ, ಸರೋವರ, ಹಿಮಪ್ರವಾಹಗಳು ಹೊತ್ತುತಂದು ಹಾಸಿದ ಶೀತವಲಯದ ಮಣ್ಣು. ಶಿಲೆಯು ಇದ್ದಲ್ಲಿಯೇ ಕೊಳೆತು ಆದ ನಮ್ಮ ಮಣ್ಣಿನಲ್ಲಿ ಕಣಗಳು ಕಬ್ಬಿಣದ ಆಕ್ಸೈಡಿನಿಂದ ಬೆಸೆದುಕೊಂಡಿರುತ್ತವೆ. ಒಲೆಯಲ್ಲಿ ಒಣಗಿಸಿದಾಗ ಒಂದು ಫಲಿತಾಂಶವನ್ನೂ ನೆರಳಿನಲ್ಲಿ ಆರಿಸಿದಾಗ ಇನ್ನೊಂದನ್ನೂ ಆ ಮಣ್ಣು ಕೊಡಬಲ್ಲುದು. ಪುಸ್ತಕದ ವರ್ಗೀಕರಣದಲ್ಲಿ ನಿರುಪದ್ರವಿಯೆಂದು ಕಂಡ ಮಣ್ಣು ಗುಡ್ಡದಲ್ಲಿ ಅಪಾಯಕಾರಿಯಾಗುವುದು ಹೀಗೆ. ಇಂತಹ ಮಣ್ಣನ್ನು ಬಲಪಡಿಸಲೆಂದು ಸುರತ್ಕಲ್ಲಿನ ಪ್ರಬಂಧಗಳು ಶೇಡಿಯನ್ನು ಸುಣ್ಣ, ಸಿಮೆಂಟು, ಊದುಕುಲುಮೆಯ ಕಿಟ್ಟದ ಪುಡಿ, ಹಾರುಬೂದಿ, ಭತ್ತದ ಉಮಿಯ ಬೂದಿ, ತೆಂಗಿನ ನಾರು ಇವುಗಳೊಡನೆ ಬೆರಸಿ, ಬೆರಕೆಯ ಪ್ರಮಾಣವನ್ನೂ ಹದಗೊಳ್ಳುವ ದಿನಗಳನ್ನೂ ಬದಲಿಸುತ್ತ, ಅದರ ಬಲ ಹೇಗೆ ಏರುವುದೆಂದು ಅಳೆದಿವೆ. ನಾರು ಮತ್ತು ಉಮಿಯ ಬೂದಿಗಳನ್ನು ಆರಿಸಿಕೊಂಡುದರ ಔಚಿತ್ಯವನ್ನು ತೆಂಗು ಭತ್ತಗಳ ಈ ನಾಡಿನಲ್ಲಿ ವಿವರಿಸಬೇಕಾಗಿಲ್ಲ. ನಾರು ಕಾಲಕ್ರಮದಲ್ಲಿ ಕೊಳೆಯುವುದೆಂಬ ಆಕ್ಷೇಪವು ಸಾಧುವಾದುದೇ. ಆದರೆ ಹೊಸದಾಗಿ ಕಡಿದ ಇಳಿಜಾರಿನಲ್ಲಿ ಹುಲ್ಲು ಬೇರೂರುವ ತನಕ ಮಣ್ಣನ್ನು ಹಿಡಿದಿಡುವುದಷ್ಟೇ ಅದರ ಕೆಲಸವಾದಲ್ಲಿ ಕೊಳೆಯುವುದು ದೋಷವೆನಿಸದು.

ಇಳಿಜಾರಿನ ಪ್ರಶ್ನೆಯು ಪ್ರಯೋಗಶಾಲೆಯ ಹೊರಗಿನದು, ಮತ್ತು ಜೀವಮರಣದ್ದು. 1998ರಲ್ಲಿ ರಾಷ್ಟ್ರಕ್ಕೆ ಸಮರ್ಪಿತವಾಗಿ ಸುರತ್ಕಲ್ಲಿನ ಸನಿಹದ ತೋಕೂರಿನಲ್ಲಿ ಕೊನೆಗೊಳ್ಳುವ ಕೊಂಕಣ ರೈಲುಮಾರ್ಗದ ನಿರ್ಮಾಣದಲ್ಲಿ ಗಟ್ಟಿ ಬಂಡೆಯ ಸುರಂಗಗಳಿಗಿಂತ ನೆನೆದ ಮೆತ್ತನೆಯ ಮಣ್ಣಿನ ಸುರಂಗಗಳೇ ಇಂಜಿನಿಯರುಗಳನ್ನು ಹೆಚ್ಚು ಕಾಡಿದುವು. ಗೋವೆಯ ಪೆರ್ನೆಂ ಸುರಂಗವು ಮತ್ತೆ ಮತ್ತೆ ಕುಸಿದು ವರ್ಷಗಟ್ಟಲೆ ಕೆಲಸವನ್ನು ತಡೆಹಿಡಿಯಿತು. ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣದಲ್ಲಿ ಗುಡ್ಡಗಳ ಬುಡವನ್ನು ಕಡಿದುದರ ಪರಿಣಾಮವು 2024ರ ಜುಲೈ 16ರಂದು ಉತ್ತರ ಕನ್ನಡದ ಶಿರೂರಿನಲ್ಲಿ ನಡೆದ ಭೀಕರ ಗುಡ್ಡಕುಸಿತದ ತರುವಾಯ ಎಲ್ಲರ ಚರ್ಚೆಗೆ ಬಂದಿತು. ಕುಸಿತದ ಭೌತಿಕ ಕಾರಣವು ಸರಳ: ಮಣ್ಣಿನ ರಂಧ್ರಗಳಲ್ಲಿ ನೀರು ತುಂಬಿ ಅದರ ಒತ್ತಡವು ಏರಿದಂತೆಲ್ಲ ಕಣಕಣಗಳ ನಡುವಣ ಒತ್ತು ಕುಂದಿ, ಆ ಒತ್ತಿನಿಂದ ಹುಟ್ಟುವ ಘರ್ಷಣಬಲವೂ ಕುಂದುವುದು. ಮೇಲಿನ ಮುರಕಲ್ಲಿನ ಬಿರುಕುಗಳಲ್ಲಿ ಸಲೀಸಾಗಿ ಇಳಿದ ಮಳೆನೀರು ಶೇಡಿಯನ್ನು ಮುಟ್ಟಿದ ಮೇಲೆ ಅಷ್ಟು ಬೇಗ ಹೊರಬೀಳಲಾರದೆ ನಿಲ್ಲುವುದರಿಂದ, ಹೊರಗೆ ಗಟ್ಟಿಯಾಗಿ ತೋರುವ ಬರೆಯೇ ಒಳಗೆ ದುರ್ಬಲವಾಗಿರುವುದು. ಇಂತಹ ಪದರಪದರವಾದ ಇಳಿಜಾರುಗಳ ಸ್ಥೈರ್ಯವನ್ನು ಗಣಕಯಂತ್ರದಲ್ಲಿ ಲೆಕ್ಕಹಾಕಿ, ಮಣ್ಣಿನೊಳಗೆ ಉಕ್ಕಿನ ಸರಳುಗಳನ್ನು ಇಳಿಸುವುದರಿಂದಲೂ ನೀರಿಗೆ ಹೊರದಾರಿ ಕಲ್ಪಿಸುವುದರಿಂದಲೂ ದೊರೆಯುವ ಭದ್ರತೆಯನ್ನು ತೂಗಿನೋಡುವುದು ಈಗಿನ ವಿದ್ಯಾರ್ಥಿಗಳ ಮುಖ್ಯ ವಿಷಯಗಳಲ್ಲೊಂದು. ನೀರಿನ ದಾರಿಯನ್ನು ಮೊದಲು ಗೊತ್ತುಮಾಡದೆ ಗೋಡೆ ಕಟ್ಟುವುದು ವ್ಯರ್ಥವೆಂಬುದೇ ಈ ಅಧ್ಯಯನಗಳಿಂದ ಮರಳಿ ಮರಳಿ ಹೊರಡುವ ನಿರ್ಣಯ.

ಶಿಲೆಯ ವಿಷಯಕ್ಕೆ ಬಂದರೆ, ಕರ್ನಾಟಕದಲ್ಲಿ ಶಿಲಾಯಂತ್ರಶಾಸ್ತ್ರದ ತವರು ಕೋಲಾರದ ಚಿನ್ನದ ಗಣಿ. ಮೂರು ಕಿಲೋಮೀಟರಿಗೂ ಮಿಕ್ಕ ಆಳದ ಚಾಂಪಿಯನ್ ರೀಫ್ ಎಂಬ ಗಣಿಯಲ್ಲಿ ಒತ್ತಡ ತಡೆಯಲಾರದ ಬಂಡೆಗಳು ಸಿಡಿದು ಕಾರ್ಮಿಕರು ಸಾಯುತ್ತಿದ್ದುದರಿಂದ ಅಲ್ಲಿ ಬಂಡೆಸಿಡಿತದ ಅಧ್ಯಯನವು ಅನಿವಾರ್ಯವಾಗಿ ಬೆಳೆದು, 1988ರಲ್ಲಿ ರಾಷ್ಟ್ರೀಯ ಶಿಲಾಯಂತ್ರಶಾಸ್ತ್ರ ಸಂಸ್ಥೆಯ ಸ್ಥಾಪನೆಗೆ ಎಡೆಯಾಯಿತು. ಗಣಿಯು 2001ರಲ್ಲಿ ಮುಚ್ಚಿತು. ಸುರತ್ಕಲ್ಲಿನ ಗಣಿವಿಭಾಗದ ಸಂಶೋಧಕರು ಹಿಡಿದ ಹಾದಿಯು ಇದಕ್ಕಿಂತ ಭಿನ್ನವೂ ಸ್ವಾರಸ್ಯವುಳ್ಳದ್ದೂ ಆಗಿದೆ. ಬಂಡೆಯನ್ನು ಕೊರೆಯುವಾಗ ಹೊರಡುವ ಸದ್ದಿನ ಮಟ್ಟವನ್ನು ಅಳೆದು, ಕೊರೆಮೊನೆಯ ವ್ಯಾಸ, ತಿರುಗುವ ವೇಗ, ಒಳನುಗ್ಗುವ ವೇಗ ಇವುಗಳೊಡನೆ ಅದನ್ನು ಕೂಡಿಸಿ, ಆ ಬಂಡೆಯ ಸಂಪೀಡನಬಲ, ಕರ್ಷಣಬಲ, ರಂಧ್ರತೆಗಳನ್ನು ಊಹಿಸಬಹುದೆಂದು ಅವರು ತೋರಿಸಿದರು. ಮಾದರಿಯನ್ನು ಉರುಳೆಯಾಕಾರಕ್ಕೆ ಕೊರೆದು, ಎರಡು ತುದಿಗಳನ್ನು ಸಮತಟ್ಟಾಗಿ ಉಜ್ಜಿ, ಯಂತ್ರದಲ್ಲಿಟ್ಟು ಒಡೆಯುವವರೆಗೆ ಒತ್ತುವ ರೂಢಿಯ ವಿಧಾನಕ್ಕೆ ತಗಲುವ ಕಾಲವನ್ನೂ ವೆಚ್ಚವನ್ನೂ ಬಲ್ಲವರಿಗೆ ಇದರ ಉಪಯೋಗವು ಹೊಳೆಯದಿರದು. ಕಲ್ಲುಕೋರೆಯ ಅನುಭವಸ್ಥ ಕೆಲಸಗಾರನು ಉಳಿಯ ನಾದದಿಂದ ಕಲ್ಲಿನ ಜಾತಿಯನ್ನು ಹೇಳುವ ಪರಿಜ್ಞಾನವು ಇಲ್ಲಿ ಡೆಸಿಬೆಲ್ಲುಗಳ ಲೆಕ್ಕಕ್ಕೆ ಬಂದಿದೆ. ಕಟ್ಟಡಕ್ಕೆ ಬಳಸುವ ಕೆಂಪುಕಲ್ಲನ್ನು ಕುರಿತ ಪರೀಕ್ಷೆಗಳೂ ವಿದ್ಯಾರ್ಥಿಗಳಿಗೆ ಪ್ರಿಯವಾದುವು. ಭಾರತೀಯ ಮಾನಕದಂತೆ ಇಂತಹ ಕಲ್ಲಿನ ಸಂಪೀಡನಬಲವು ಚದರ ಮಿಲಿಮೀಟರಿಗೆ 3.5 ನ್ಯೂಟನ್ನಿಗಿಂತ ಕಡಿಮೆಯಿರಕೂಡದು. ಒಂದೇ ಕೋರೆಯಲ್ಲಿ ಆಳಕ್ಕಿಳಿದಂತೆ ಕಲ್ಲು ಮೆತ್ತಗಾಗುತ್ತ ಹೋಗುವುದರಿಂದ ಮನೆ ಕಟ್ಟಿಸುವವರು ಮೇಲಿನ ಕಲ್ಲೋ ಕೆಳಗಿನದೋ ಎಂದು ವಿಚಾರಿಸುವುದು ಸಕಾರಣವಾಗಿಯೇ ಇದೆ.

ಕಡಲತಡಿಯ ವಿದ್ಯಾಲಯಕ್ಕೆ ಕಡಲೇ ಒಂದು ಪ್ರಯೋಗಶಾಲೆ. ಸುರತ್ಕಲ್ಲಿನಲ್ಲಿ ಸುಮಾರು 50 ಮೀಟರ್ ಉದ್ದದ ಅಲೆತೊಟ್ಟಿಯೊಂದಿದ್ದು, ಅದರ ಒಂದು ತುದಿಯಲ್ಲಿ ಯಂತ್ರದಿಂದ ಅಲೆಗಳನ್ನೆಬ್ಬಿಸಿ, ಇನ್ನೊಂದು ಕಡೆ ಕಟ್ಟಿದ ಅಲೆತಡೆಯ ಕಿರುಪ್ರತಿಕೃತಿಯಲ್ಲಿ ಕಲ್ಲುಗಳು ಎಷ್ಟು ಸರಿಯುವುವು, ಅಲೆಯ ಶಕ್ತಿ ಎಷ್ಟು ಹಿಂದಿರುಗುವುದು ಎಂಬುದನ್ನು ತಲೆಮಾರುಗಳ ವಿದ್ಯಾರ್ಥಿಗಳು ಅಳೆಯುತ್ತ ಬಂದಿದ್ದಾರೆ. ಪಣಂಬೂರಿನ ನವಮಂಗಳೂರು ಬಂದರು ಕಾಲ್ನಡಿಗೆಯ ದೂರಕ್ಕಿಂತ ಸ್ವಲ್ಪವೇ ಆಚೆಗೆ, ಉಳ್ಳಾಲದ ಕಡಲ್ಕೊರೆತವು ನಗರದ ದಕ್ಷಿಣಕ್ಕೆ ಇರುವಾಗ ಈ ಅಳತೆಗಳ ಪ್ರಯೋಜನವು ಪರೋಕ್ಷವಾದುದೇನಲ್ಲ.

ನವದ್ರವ್ಯಗಳೆಂಬ ಹೆಸರಿನಲ್ಲಿ ಇಂದು ಅನೇಕ ವಸ್ತುಗಳು ಬರುವುವಾದರೂ, ಮಂಗಳೂರಿನ ಮಟ್ಟಿಗೆ ಅತ್ಯಂತ ಸಾರ್ಥಕವಾದುವು ತ್ಯಾಜ್ಯದಿಂದ ಹುಟ್ಟಿದುವೆಂದು ನನ್ನ ಅಭಿಪ್ರಾಯ. ಉಡುಪಿ ಜಿಲ್ಲೆಯ ಎಲ್ಲೂರಿನ ಕಲ್ಲಿದ್ದಲ ವಿದ್ಯುದಾಗಾರದಂತಹ ಸ್ಥಾವರಗಳಿಂದ ಹೊರಬೀಳುವ ಹಾರುಬೂದಿಯನ್ನೂ ಕಬ್ಬಿಣದ ಕುಲುಮೆಯ ಕಿಟ್ಟವನ್ನೂ ಸೋಡಿಯಂ ಹೈಡ್ರಾಕ್ಸೈಡ್ ಮತ್ತು ಸೋಡಿಯಂ ಸಿಲಿಕೇಟುಗಳ ದ್ರಾವಣದಿಂದ ಚೋದಿಸಿ ಸಿಮೆಂಟಿಲ್ಲದ ಕಾಂಕ್ರೀಟನ್ನು ಮಾಡುವ ಪ್ರಯೋಗಗಳು ಇಲ್ಲಿ ವಿಪುಲವಾಗಿ ನಡೆದಿವೆ. ಸಿಮೆಂಟಿನ ತಯಾರಿಕೆಯಲ್ಲಿ ಸುಣ್ಣದಕಲ್ಲನ್ನು ಸುಡುವಾಗ ಇಂಗಾಲದ ಡೈಆಕ್ಸೈಡು ಅಪಾರವಾಗಿ ಹೊರಬೀಳುವುದರಿಂದ ಇದಕ್ಕೆ ಲೋಕವ್ಯಾಪಿಯಾದ ಮಹತ್ವವುಂಟು. ಉಪ್ಪುಗಾಳಿಯಲ್ಲಿ ಕಾಂಕ್ರೀಟಿನೊಳಗಣ ಕಬ್ಬಿಣವು ತುಕ್ಕುಹಿಡಿದು ಸಿಡಿಯುವ ಈ ತೀರದಲ್ಲಿ, ಅಂತಹ ಕಾಂಕ್ರೀಟು ಉಪ್ಪಿನ ಪ್ರವೇಶವನ್ನು ಎಷ್ಟು ತಡೆಯುವುದೆಂಬುದು ಪ್ರತ್ಯೇಕವಾಗಿ ಪರೀಕ್ಷಿಸತಕ್ಕ ಅಂಶ. ಕುದುರೆಮುಖದ ಕಬ್ಬಿಣದ ಗಣಿಗಾರಿಕೆಯು 2005ರ ಕೊನೆಗೆ ನಿಂತರೂ ಅಲ್ಲಿನ ಲಖ್ಯಾ ಅಣೆಕಟ್ಟಿನ ಹಿಂದೆ ಅದಿರಿನ ಶೇಷವು ರಾಶಿಯಾಗಿ ಉಳಿದಿದೆ. ಅಂತಹ ಶೇಷವನ್ನು ಇಟ್ಟಿಗೆ, ನೆಲಹಾಸು, ಮಾರ್ಗದ ತಳಹದಿಗಳಲ್ಲಿ ಬಳಸುವ ಸಾಧ್ಯತೆಯು ವಿದ್ಯಾರ್ಥಿಗಳಿಗೆ ಇನ್ನೂ ತೆರೆದಿರುವ ಕ್ಷೇತ್ರ. ಹಾರುಬೂದಿಯಲ್ಲಿಯೇ ದೊರೆಯುವ ಟೊಳ್ಳಾದ ಸೂಕ್ಷ್ಮಗೋಲಗಳನ್ನು ಪಾಲಿಥಿನ್ನಿನೊಡನೆ ಬೆರಸಿ, ನೀರಿನಲ್ಲಿ ತೇಲುವಷ್ಟು ಹಗುರವೂ ಬಿಗುವೂ ಆದ ದ್ರವ್ಯವನ್ನು ತ್ರಿವಿಮ ಮುದ್ರಣದಿಂದ ರೂಪಿಸಿದುದು ಯಂತ್ರವಿಭಾಗದ ಸಂಶೋಧಕರ ಸಾಧನೆ. ಲೋಹವಿಭಾಗದಲ್ಲಿ ಅಲ್ಯೂಮಿನಿಯಂ ಮಿಶ್ರಲೋಹಗಳನ್ನು ಬಾಗಿದ ಕಾಲುವೆಯ ಮೂಲಕ ಮತ್ತೆ ಮತ್ತೆ ಒತ್ತಿ ನುಗ್ಗಿಸಿ ಅವುಗಳ ಕಣರಚನೆಯನ್ನು ಸೂಕ್ಷ್ಮಗೊಳಿಸುವ ಪ್ರಯೋಗಗಳೂ, ಯಂತ್ರವಿಭಾಗದಲ್ಲಿ ಅಯಸ್ಕಾಂತದ ಪ್ರಭಾವದಿಂದ ಕ್ಷಣಮಾತ್ರದಲ್ಲಿ ಗಟ್ಟಿಯಾಗುವ ದ್ರವಗಳನ್ನು ಬಳಸಿ ಕಂಪನವನ್ನು ತಗ್ಗಿಸುವ ಸಾಧನಗಳ ರಚನೆಯೂ ನಡೆದಿವೆ.

ಈ ಸಂಶೋಧನೆಗಳ ಪರಿಮಿತಿಯನ್ನೂ ಹೇಳತಕ್ಕದ್ದು. ಒಂದು ಗುಂಡಿಯಿಂದ ತೆಗೆದ ಮಣ್ಣಿಗೆ ಬಂದ ಅಂಕಿಯು ಅರ್ಧ ಮೈಲಿಯಾಚೆಯ ಗುಡ್ಡೆಗೆ ಅನ್ವಯಿಸದಿರಬಹುದು. ಅಲುಗಿಸದೆ ಶೇಡಿಯ ಮಾದರಿಯನ್ನು ನೆಲದಿಂದ ಎತ್ತುವುದು ಬಹು ಕಷ್ಟವಾದುದರಿಂದ ಹಲವು ಪರೀಕ್ಷೆಗಳು ಕಲಸಿ ದಮ್ಮಸು ಮಾಡಿದ ಮಣ್ಣಿನ ಮೇಲೆಯೇ ನಡೆಯುವುವು. ಅವು ಮಾರ್ಗದ ತಳಹದಿಗೆ ಸಲ್ಲುವುವೇ ಹೊರತು ಸಹಜ ಗುಡ್ಡದ ವರ್ತನೆಯನ್ನು ಪೂರ್ಣವಾಗಿ ಹೇಳಲಾರವು. ಎಲ್ಲಕ್ಕಿಂತ ಮಿಗಿಲಾದ ಕೊರತೆಯೆಂದರೆ, ಇಂಗ್ಲಿಷಿನಲ್ಲಿ ಬರೆದ ಪ್ರಬಂಧಗಳು ಪದವಿ ದೊರೆತೊಡನೆ ಗ್ರಂಥಾಲಯದ ಕಪಾಟನ್ನು ಸೇರುವುದು. ಮನೆಯ ಹಿಂದಿನ ಬರೆಯನ್ನು ಕಡಿಸುವ ಗೃಹಸ್ಥನಿಗಾಗಲಿ, ಅದಕ್ಕೆ ಪರವಾನಗಿ ಕೊಡುವ ಪಂಚಾಯಿತಿಗಾಗಲಿ, ಅಗೆತದ ಯಂತ್ರವನ್ನು ನಡೆಸುವ ಗುತ್ತಿಗೆದಾರನಿಗಾಗಲಿ ಅವುಗಳಲ್ಲಿನ ಒಂದು ಸಾಲೂ ತಲಪುವುದಿಲ್ಲ. ಶೇಡಿ ಮಣ್ಣನ್ನು ಕುರಿತು ಈವರೆಗೆ ನಡೆದ ವಿದ್ಯಾರ್ಥಿ ಪರೀಕ್ಷೆಗಳ ಅಂಕಿಗಳನ್ನು, ಮಾದರಿ ತೆಗೆದ ಗ್ರಾಮ, ಆಳ, ತಿಂಗಳು ಇವುಗಳೊಡನೆ ತಾಲೂಕುವಾರಾಗಿ ಜೋಡಿಸಿ, ಸರಳ ಕನ್ನಡದಲ್ಲಿ ಅಚ್ಚುಹಾಕಿಸಿ ಪ್ರತಿಯೊಂದು ಗ್ರಾಮ ಪಂಚಾಯಿತಿಗೂ ನಗರಪಾಲಿಕೆಯ ಪ್ರತಿಯೊಂದು ವಾರ್ಡಿಗೂ ಕೊಡುವ ಕಾರ್ಯವನ್ನು ಸುರತ್ಕಲ್, ಕೊಣಾಜೆಗಳ ಸಂಸ್ಥೆಗಳು ಕೂಡಿ ಕೈಗೊಳ್ಳಬೇಕು. ಅದು ಮುಂದಿನ ಮಳೆಗಾಲಕ್ಕೆ ಮೊದಲೇ ಆರಂಭವಾಗಬೇಕು.